ಸಾವಿತ್ರಿಬಾಯಿಯ ತವರೂರು ನಾಯಗಾಂವ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಹೋಗುವ ರಾತ್ರಿ ಬಸ್ಸುಗಳು ಕೊಲ್ಹಾಪುರ, ಸಾತಾರಾ ದಾಟಿ ಖಂಬಾಟ್ಕಿ ಘಾಟಿಗೆ ಬರುತ್ತವೆ. ಘಾಟ್ ಇಳಿದರೆ ಖಂಡಾಳಾ, ಅದರಾಚೆ ಶಿರವಳ, ಆಮೇಲೆ ನೀರಾ ನದಿಯ ಸೇತುವೆ. ಸೇತುವೆ ದಾಟಿದರೆ ಪುಣೆ ಜಿಲ್ಲೆ. ನಮ್ಮ ಕಡೆಯ ಪ್ರಯಾಣಿಕರು ಆ ಹೊತ್ತಿಗೆ ಅರೆನಿದ್ದೆಯಲ್ಲಿರುತ್ತಾರೆ. ಅವರಲ್ಲಿ ಶಾಲೆಯ ಶಿಕ್ಷಕಿಯರು ಇದ್ದೇ ಇರುತ್ತಾರೆ. ತಮ್ಮ ಶಾಲೆಯ ಗೋಡೆಯ ಮೇಲೆ ಯಾರ ಪಟ ತೂಗುಹಾಕಿದೆಯೋ ಆ ಹೆಣ್ಣುಮಗಳು ಹುಟ್ಟಿದ ಮನೆ ಹೆದ್ದಾರಿಯಿಂದ ಕೆಲವೇ ಕಿಲೋಮೀಟರ್ ಒಳಗಿದೆ ಎಂಬುದು ಅವರಲ್ಲಿ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ.

ಊರಿನ ಹೆಸರು ನಾಯಗಾಂವ. ಸಾತಾರಾ ಜಿಲ್ಲೆ, ಖಂಡಾಳಾ ತಾಲ್ಲೂಕು. ಪುಣೆಯಿಂದ ಸುಮಾರು ಐವತ್ತು ಕಿಲೋಮೀಟರ್. ಲೋಣಾವಳಾದ ಪಕ್ಕದ ಗಿರಿಧಾಮ ಖಂಡಾಳಾ ಬೇರೆ, ಈ ಖಂಡಾಳಾ ಬೇರೆ. ನಾಯಗಾಂವ ಎಂಬ ಹೆಸರಿನ ಊರುಗಳೂ ಮಹಾರಾಷ್ಟ್ರದಲ್ಲಿ ಹಲವಾರಿವೆ. ಮುಂಬೈ ಹತ್ತಿರವೇ ಒಂದಿದೆ. ಹೊರಗಿನಿಂದ ಹುಡುಕಿಕೊಂಡು ಬರುವವರು ಹಾಗಾಗಿ ಶಿರವಳದ ಹೆಸರು ಹಿಡಿದು ಕೇಳುವುದು ಒಳ್ಳೆಯದು. ಘಾಟಿನ ಮರೆಯಲ್ಲಿ ಮಳೆ ಕಡಿಮೆ ಬೀಳುವ ಸೀಮೆಯಿದು. ಜೋಳ, ಸಜ್ಜೆಯ ಹೊಲಗಳ ನಾಡು. ಈಗ ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆಗಳು ಬಂದಿವೆ.

ಇಲ್ಲಿನ ನೇವಸೆ ಪಾಟೀಲರ ಮನೆಯಲ್ಲಿ, ಖಂಡೋಜಿ ಮತ್ತು ಲಕ್ಷ್ಮೀಬಾಯಿ ದಂಪತಿಯ ಮಗಳಾಗಿ, 1831ರ ಜನವರಿ 3ರಂದು, ಮುಂದೆ ಸಾವಿತ್ರಿಬಾಯಿ ಫುಲೆ ಎಂದು ಹೆಸರಾದ ಸಾವಿತ್ರಿ ಹುಟ್ಟಿದಳು. ಮನೆಯನ್ನು ಜೀರ್ಣೋದ್ಧಾರ ಮಾಡಿ ಸ್ಮಾರಕವಾಗಿ ಕಾಪಾಡಲಾಗಿದೆ. ಪ್ರತಿವರ್ಷ ಜನವರಿ 3ರಂದು ಊರು ತುಂಬಿಹೋಗುತ್ತದೆ. ಮಂತ್ರಿಗಳು ಬರುತ್ತಾರೆ, ದೂರದೂರದ ಹೆಣ್ಣುಮಕ್ಕಳು ಗುಂಪುಗುಂಪಾಗಿ ಬರುತ್ತಾರೆ.

ಶಿರವಳದ ಸಂತೆಯ ಬಗ್ಗೆ ಒಂದು ಕಥೆ ಇಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಆರೇಳು ವರ್ಷದ ಸಾವಿತ್ರಿ ಸಂತೆಗೆ ಹೋಗಿದ್ದಾಗ, ಮರದ ಕೆಳಗೆ ಹಾಡು ಹೇಳುತ್ತ ಪ್ರಚಾರ ಮಾಡುತ್ತಿದ್ದ ಮಿಶನರಿಗಳು ಅವಳ ಕೈಗೆ ಒಂದು ಪುಸ್ತಕ ಕೊಟ್ಟರಂತೆ. ಓದಲು ಬಾರದ ಹುಡುಗಿ ಅದರ ಚಿತ್ರ ನೋಡುತ್ತ ಮನೆಗೆ ಬಂದಳು. ಅಪ್ಪ ಸಿಟ್ಟಾಗಿ ಅದನ್ನು ಎಸೆದರು. ಅವಳು ಹೆಕ್ಕಿ ತಂದು ಬಚ್ಚಿಟ್ಟುಕೊಂಡಳು, ಮದುವೆಯಾಗಿ ಗಂಡನ ಮನೆಗೆ ಹೊರಟಾಗ ಅದೂ ಜೊತೆಗೆ ಹೋಯಿತು. ಇದಕ್ಕೆ ಕಾಗದದ ಆಧಾರ ಕೇಳಬಾರದು. ಊರು ತನ್ನ ಮಗಳ ಬಗ್ಗೆ ಕಟ್ಟಿಕೊಂಡ ಕಥೆ ಇದು. ಆದರೂ ಊರಿನವರು ಈ ಕಥೆಯಲ್ಲಿ ಅಪ್ಪನ ಸಿಟ್ಟನ್ನು ಮುಚ್ಚಿಟ್ಟಿಲ್ಲ. ಓದು ಬೇಡವೆಂದವರು ತವರಿನಲ್ಲೇ ಇದ್ದರು ಎಂಬುದನ್ನು ಕಥೆ ಒಪ್ಪಿಕೊಳ್ಳುತ್ತದೆ. ಮುಂದೆ ಸಾವಿತ್ರಿಬಾಯಿಯೇ ಬರೆದ ಪತ್ರಗಳಲ್ಲಿ ಕಾಣುವುದೂ ಅದೇ.

1840ರಲ್ಲಿ ಮದುವೆ. ಅವಳಿಗೆ ಒಂಬತ್ತು, ಜೋತಿರಾವ್ ಗೋವಿಂದರಾವ್ ಫುಲೆಗೆ ಹದಿಮೂರು. ಫುಲೆಯವರ ಮೂಲ ಊರು ಇದೇ ಸಾತಾರಾ ಜಿಲ್ಲೆಯ ಕಟಗುಣ. ಪುಣೆಗೆ ಬಂದು ಪೇಶ್ವೆಗಳಿಗೆ ಹೂವು ಒದಗಿಸುವ ಕೆಲಸ ಹಿಡಿದ ಮೇಲೆ ಮನೆತನಕ್ಕೆ ಫುಲೆ ಎಂಬ ಹೆಸರು ಬಂತು. ತಾಯಿಯಿಲ್ಲದ ಜೋತಿರಾವ್ ಅವರನ್ನು ಸಾಕಿದವರು ಸಗುಣಾಬಾಯಿ ಕ್ಷೀರಸಾಗರ. ಹೊಲದ ಕೆಲಸದ ನಡುವೆ ಜೋತಿರಾವ್ ಹೆಂಡತಿಗೂ ಸಗುಣಾಬಾಯಿಗೂ ಒಟ್ಟಿಗೇ ಅಕ್ಷರ ಕಲಿಸಿದರು. ಆಮೇಲೆ ಸಾವಿತ್ರಿಬಾಯಿ ಶಿಕ್ಷಕಿಯ ತರಬೇತಿಯನ್ನೂ ಪಡೆದರು. ಅಹಮದ್‌ನಗರದ ಮಿಸ್ ಫರಾರ್ ಮತ್ತು ಪುಣೆಯ ಮಿಚೆಲ್ ಅವರ ಶಾಲೆಗಳ ಹೆಸರು ಈ ಸಂಬಂಧ ಬರುತ್ತದೆ.

ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಆಕೆಗಿನ್ನೂ ಹದಿನೇಳು. ವರ್ಷದ ಬಗ್ಗೆ ಹೆಚ್ಚು ಜಗಳವಿಲ್ಲ, ದಿನದ ಬಗ್ಗೆ ಇದೆ. ಜನವರಿ 1 ಎಂದು ಆಚರಿಸುವವರಿದ್ದಾರೆ, ಆಗಸ್ಟ್ ಎಂದು ಬರೆಯುವ ಚರಿತ್ರೆಕಾರರಿದ್ದಾರೆ. 'ಭಾರತದ ಮೊಟ್ಟಮೊದಲ ಹೆಣ್ಣುಮಕ್ಕಳ ಶಾಲೆ' ಎಂಬ ಮಾತಿಗೂ ತಕರಾರುಂಟು. ಮುಂಬೈಯಲ್ಲಿ ಅಮೆರಿಕನ್ ಮಿಶನರಿಗಳ ಹೆಣ್ಣುಮಕ್ಕಳ ಶಾಲೆ ಅದಕ್ಕೂ ಎರಡು ದಶಕ ಮೊದಲೇ ಇತ್ತು. ಬಂಗಾಳದ ಬಾರಾಸಾತ್‌ನಲ್ಲಿ 1847ರಲ್ಲೇ ಸ್ಥಳೀಯರು ಒಂದು ಶಾಲೆ ತೆರೆದಿದ್ದರು. ಪುಣೆಯ ಶಾಲೆಯ ತೂಕ ಈ 'ಮೊದಲು' ಎಂಬ ಪಟ್ಟದಲ್ಲಿಲ್ಲ. ಪೇಶ್ವೆಗಳ ರಾಜಧಾನಿಯಾಗಿದ್ದ ಪಟ್ಟಣದ ನಡುಮಧ್ಯೆ, ಮಾಳಿ ಜಾತಿಯ ಗೃಹಿಣಿಯೊಬ್ಬರು ದಿನಾಲೂ ಬೀದಿಯಲ್ಲಿ ನಡೆದುಹೋಗಿ, ಅಸ್ಪೃಶ್ಯರೆನ್ನುತ್ತಿದ್ದ ಮಹಾರ್, ಮಾಂಗ್ ಹುಡುಗಿಯರಿಗೂ ಬ್ರಾಹ್ಮಣ ಹುಡುಗಿಯರಿಗೂ ಪಾಠ ಹೇಳಿದರು. ತೂಕ ಇರುವುದು ಅಲ್ಲಿ. ದಾರಿಯಲ್ಲಿ ಸೆಗಣಿ, ಕೆಸರು ಎರಚುತ್ತಿದ್ದುದು, ಅವರು ಇನ್ನೊಂದು ಸೀರೆ ಜೊತೆಗೊಯ್ದು ಶಾಲೆಯಲ್ಲಿ ಉಟ್ಟುಕೊಳ್ಳುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ.

ಮೊದಲ ಶಾಲೆ ಬಹಳ ಕಾಲ ನಡೆಯಲಿಲ್ಲ. 1849ರಲ್ಲಿ ಮಾವ ಗೋವಿಂದರಾವ್ ಸಮಾಜದ ಒತ್ತಡಕ್ಕೆ ಮಣಿದು ಮಗ-ಸೊಸೆಯನ್ನು ಮನೆಯಿಂದ ಹೊರಡಿಸಿದರು. 1851ರ ಜುಲೈ 3ರಂದು ಅದೇ ಬುಧವಾರ ಪೇಟೆಯ ಚಿಪಳೂಣಕರ್ ವಾಡೆಯಲ್ಲಿ ಮತ್ತೆ ಶಾಲೆ ಶುರುವಾಯಿತು. ಸಾವಿತ್ರಿಬಾಯಿ ಅಲ್ಲಿ ಮುಖ್ಯ ಶಿಕ್ಷಕಿ. ಅದೇ ವರ್ಷ ರಾಸ್ತಾ ಪೇಟೆಯಲ್ಲಿ, ಮರುವರ್ಷ ವೇತಾಳ ಪೇಟೆಯಲ್ಲಿ ಇನ್ನೆರಡು. 1852ರ ನವೆಂಬರ್ 16ರಂದು ಸರ್ಕಾರ ವಿಶ್ರಾಮಬಾಗ್ ವಾಡೆಯಲ್ಲಿ ಜೋತಿರಾವ್ ಅವರಿಗೆ ಶಾಲು ಹೊದಿಸಿ ಸನ್ಮಾನಿಸಿತು. 1882ರಲ್ಲಿ ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ಅವರು, ಹೆಣ್ಣುಮಕ್ಕಳ ಶಾಲೆಯಲ್ಲಿ ತಾನೂ ತನ್ನ ಹೆಂಡತಿಯೂ ಹಲವು ವರ್ಷ ಜೊತೆಯಾಗಿ ದುಡಿದೆವು ಎಂದು ದಾಖಲಿಸಿದ್ದಾರೆ. ಸನ್ಮಾನದ ಶಾಲು ಒಬ್ಬರಿಗೇ ಸಿಕ್ಕಿತ್ತು. ಮೂವತ್ತು ವರ್ಷದ ನಂತರವೂ ಅವರು ಅದರಲ್ಲಿ ಹೆಂಡತಿಯ ಪಾಲನ್ನು ಮರೆಯಲಿಲ್ಲ.

ಈ ಶಾಲೆಗಳಲ್ಲಿ ಓದಿದ ಮುಕ್ತಾ ಸಾಳವೆ ಎಂಬ ಮಾಂಗ್ ಜಾತಿಯ ಬಾಲಕಿಯ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ಓದುವ ಹಕ್ಕು ನಮಗಿಲ್ಲವೆಂದ ಮೇಲೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ದೇವರನ್ನೇ ಕೇಳಿದ್ದಳು. ಒಬ್ಬ ಶಿಕ್ಷಕಿ ಹೇಗೆ ಪಾಠ ಮಾಡುತ್ತಿದ್ದರು ಎಂದು ತಿಳಿಯಬೇಕಾದವರು ಓದಬೇಕಾದ ಬರಹ ಅದು.

ಭಿಡೆ ವಾಡೆ ಈಗ ಇಲ್ಲ. ದಗಡೂಶೇಠ್ ಹಲವಾಯಿ ಗಣಪತಿಯ ಎದುರಿಗಿದ್ದ ಆ ಕಟ್ಟಡ ದಶಕಗಳ ಕಾಲ ಅಂಗಡಿಗಳ ಸಾಲಾಗಿ, ಮೇಲಿನ ಅಂತಸ್ತು ಕುಸಿಯುತ್ತ ನಿಂತಿತ್ತು. ಸ್ಮಾರಕ ಮಾಡಬೇಕೆಂಬ ಬೇಡಿಕೆಗೂ ಅಲ್ಲಿನ ಬಾಡಿಗೆದಾರರ ದಾವೆಗೂ ನಡುವೆ ವರ್ಷಗಳು ಉರುಳಿದವು. 2023ರ ಕೊನೆಗೆ ಸುಪ್ರೀಂ ಕೋರ್ಟ್ ಪಾಲಿಕೆಯ ಪರವಾಗಿ ನಿಂತ ಮೇಲೆ, ಡಿಸೆಂಬರ್ ಮೊದಲ ವಾರದ ಒಂದು ರಾತ್ರಿ ಕಟ್ಟಡವನ್ನು ಕೆಡವಲಾಯಿತು. ಸ್ಮಾರಕ ಏಳಲೆಂದೇ ಕೆಡವಿದ್ದು, ಸರಿ. ಆದರೆ ಇಷ್ಟು ವರ್ಷ ತಡವಾಗದಿದ್ದರೆ ಸಾವಿತ್ರಿಬಾಯಿ ತುಳಿದ ಮೆಟ್ಟಿಲುಗಳಲ್ಲಿ ಒಂದಾದರೂ ಉಳಿಯುತ್ತಿತ್ತು. ಪುಣೆಯ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಅವರ ಹೆಸರಿಟ್ಟ ರಾಜ್ಯವೇ ಅವರು ಪಾಠ ಹೇಳಿದ ಕೋಣೆಯನ್ನು ಉಳಿಸಿಕೊಳ್ಳಲಿಲ್ಲ ಎಂಬ ನೋವು ಸಣ್ಣದಲ್ಲ.

ಕಲ್ಲು-ಮರ ಹೋದವು, ಕಾಗದ ಉಳಿದಿದೆ. ಸಾವಿತ್ರಿಬಾಯಿ ಗಂಡನಿಗೆ ಬರೆದ ಮೂರು ಪತ್ರಗಳು ಮಾ.ಗೋ. ಮಾಳಿಯವರು ಸಂಪಾದಿಸಿದ ಸಮಗ್ರ ಸಾಹಿತ್ಯದ ಸಂಪುಟದಲ್ಲಿವೆ; 1988ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಾಹಿತ್ಯ ಮಂಡಳಿ ಅದನ್ನು ಪ್ರಕಟಿಸಿತು. ಮೂರರಲ್ಲಿ ಎರಡು ಪತ್ರ ಬರೆದದ್ದು ನಾಯಗಾಂವದಿಂದ. ಈ ಊರಿನ ಚರಿತ್ರೆಯಲ್ಲಿ ಇವಕ್ಕಿಂತ ದೊಡ್ಡ ದಾಖಲೆ ಇನ್ನೊಂದಿಲ್ಲ.

ಮೊದಲನೆಯದು 1856ರ ಅಕ್ಟೋಬರ್ 10ರದು. ಸಾವಿತ್ರಿಬಾಯಿ ಕಾಯಿಲೆ ಬಿದ್ದು ತವರಿಗೆ ಬಂದಿದ್ದರು. ಅಣ್ಣ ಹಗಲಿರುಳು ಆರೈಕೆ ಮಾಡಿದ, ಈಗ ಮೈ ಸುಧಾರಿಸಿದೆ, ಪೂರ್ತಿ ಗುಣವಾದ ಕೂಡಲೇ ಪುಣೆಗೆ ಬರುತ್ತೇನೆ ಎಂದು ಗಂಡನಿಗೆ ತಿಳಿಸುತ್ತಾರೆ. ಅಲ್ಲಿ ಫಾತಿಮಾಗೆ ತೊಂದರೆಯಾಗುತ್ತಿರಬಹುದು, ಆದರೆ ಅವಳು ಗೊಣಗುವವಳಲ್ಲ ಎಂಬ ಒಂದು ಮಾತು ನಡುವೆ ಬರುತ್ತದೆ.

ಈ ಒಂದು ಮಾತಿನ ಮೇಲೆ ಇತ್ತೀಚೆಗೆ ದೊಡ್ಡ ವಾದವೇ ಎದ್ದಿತು. ಫುಲೆ ದಂಪತಿ ಮನೆ ಬಿಟ್ಟಾಗ ಆಶ್ರಯ ಕೊಟ್ಟವರು ಉಸ್ಮಾನ್ ಶೇಖ್, ಅವರ ತಂಗಿ ಫಾತಿಮಾ ಶೇಖ್ ಸಾವಿತ್ರಿಬಾಯಿಯ ಜೊತೆಗೆ ಕಲಿಸಿದ ಶಿಕ್ಷಕಿ ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅಂಥ ಹೆಂಗಸು ಇರಲೇ ಇಲ್ಲ, ಅದು ಕಟ್ಟುಕಥೆ ಎಂಬ ಮಾತು 2025ರ ಆರಂಭದಲ್ಲಿ ಹರಡಿತು. ಫಾತಿಮಾರ ಹುಟ್ಟಿದ ದಿನ, ಓದು, ಕೊನೆಗಾಲದ ಬಗ್ಗೆ ಜಯಂತಿ ಭಾಷಣಗಳಲ್ಲಿ ಕೇಳಿಬರುವ ಎಷ್ಟೋ ವಿವರಗಳಿಗೆ ಆಧಾರ ತೆಳುವಾಗಿದೆ ಎಂಬುದು ನಿಜ. ಪತ್ರದಲ್ಲಿ ಆ ಹೆಸರು ಇದೆ ಎಂಬುದೂ ಅಷ್ಟೇ ನಿಜ. ಕಾಯಿಲೆ ಬಿದ್ದ ಶಿಕ್ಷಕಿ ತನ್ನ ಗೈರುಹಾಜರಿಯಲ್ಲಿ ಕೆಲಸದ ಹೊರೆ ಯಾರ ಮೇಲೆ ಬಿದ್ದಿದೆ ಎಂದು ನೆನೆದು ಬರೆದ ಸಹಜ ಸಾಲು ಅದು. ಯಾರನ್ನೋ ಮೆರೆಸಲು ಬರೆದದ್ದಲ್ಲ, ಹಾಗಾಗಿಯೇ ಅದಕ್ಕೆ ಬೆಲೆ.

ಪತ್ರದ ಮುಖ್ಯ ಭಾಗ ಅಣ್ಣ-ತಂಗಿಯ ಜಗಳ. ನೀನೂ ನಿನ್ನ ಗಂಡನೂ ಮಹಾರ-ಮಾಂಗರಿಗಾಗಿ ಮಾಡುತ್ತಿರುವುದು ಕುಲಕ್ಕೆ ಕಳಂಕ, ನಿಮ್ಮನ್ನು ಜಾತಿಯಿಂದ ಹೊರಗಿಟ್ಟದ್ದು ಸರಿಯೇ, ಬ್ರಾಹ್ಮಣರು ಹೇಳಿದಂತೆ ನಡೆದುಕೊಳ್ಳಿ ಎಂದು ಅಣ್ಣ ಒಂದು ದಿನ ಮಾತು ತೆಗೆದ. ತಾಯಿಯ ಮುಖ ಸಪ್ಪಗಾಯಿತು. ಆಕೆ ಮಗನನ್ನು ಗದರಲಿಲ್ಲ. ದೇವರು ಒಳ್ಳೆಯ ನಾಲಿಗೆ ಕೊಟ್ಟಿದ್ದಾನೆ, ಅದನ್ನು ಹೀಗೆ ಕೆಡಿಸಿಕೊಳ್ಳಬೇಡ ಎಂದಷ್ಟೇ ಹೇಳಿದಳು. ಆಮೇಲೆ ತಂಗಿ ಬಾಯಿ ತೆರೆದಳು. ಹಸು-ಮೇಕೆಯನ್ನು ಮುದ್ದಿಸುತ್ತೀರಿ, ನಾಗರಪಂಚಮಿಯ ದಿನ ವಿಷದ ಹಾವಿಗೆ ಹಾಲೆರೆಯುತ್ತೀರಿ, ನಿಮ್ಮಂತೆಯೇ ಮನುಷ್ಯರಾದ ಮಹಾರ-ಮಾಂಗರನ್ನು ಮುಟ್ಟುವುದಿಲ್ಲ, ಇದಕ್ಕೆ ಕಾರಣ ಹೇಳು ಎಂದು ಕೇಳಿದಳು. ನನ್ನ ಗಂಡ ನಿನ್ನ ಹಾಗೆ ದೇವರ ಹೆಸರು ಹೇಳುತ್ತ ಯಾತ್ರೆ ತಿರುಗುವವರಲ್ಲ, ದೇವರ ಕೆಲಸವನ್ನೇ ಮಾಡುತ್ತಿದ್ದಾರೆ, ನಾನು ಅದರಲ್ಲಿ ಜೊತೆಗಾರಳು ಎಂದಳು. ಅಣ್ಣ ಕೊನೆಗೆ ತಪ್ಪೊಪ್ಪಿಕೊಂಡ. ಮಗಳ ಬಾಯಲ್ಲಿ ದೇವರೇ ಮಾತಾಡುತ್ತಿದ್ದಾನೆ ಎಂದು ತಾಯಿ ಹೇಳಿದಳು.

ಸಾವಿತ್ರಿಬಾಯಿಯವರ ಬಗ್ಗೆ ಬರೆಯುವವರು ಪುಣೆಯ ಬೀದಿಯಲ್ಲಿ ಬಿದ್ದ ಸೆಗಣಿಯ ಬಗ್ಗೆ ಬರೆದಷ್ಟು ಈ ನಡುಮನೆಯ ಜಗಳದ ಬಗ್ಗೆ ಬರೆಯುವುದಿಲ್ಲ. ಕೆಸರು ಎರಚಿದವನು ಹೆಸರಿಲ್ಲದ ಪರಕೀಯ, ತೊಳೆದುಕೊಂಡರೆ ಮುಗಿಯಿತು. ಇಲ್ಲಿ ಎದುರಿಗಿದ್ದವನು ಕಾಯಿಲೆಯಲ್ಲಿ ಆರೈಕೆ ಮಾಡಿದ ಅಣ್ಣ. ಅವನ ಉಪಕಾರವನ್ನು ಮೊದಲು ಬರೆದು, ಆಮೇಲೆ ಅವನ ಸಣ್ಣತನವನ್ನು ಬರೆದು, ಕೊನೆಗೆ ಅವನ ಪಶ್ಚಾತ್ತಾಪವನ್ನೂ ಬರೆದಿದ್ದಾರೆ. ತವರನ್ನು ಬಿಟ್ಟುಕೊಡಲಿಲ್ಲ, ಮಾತನ್ನೂ ಬಿಟ್ಟುಕೊಡಲಿಲ್ಲ. ಮನೆಯವರನ್ನು ವಿದ್ಯಾರ್ಥಿಗಳಂತೆ ಎದುರು ಕೂರಿಸಿಕೊಂಡು, ಒಪ್ಪುವವರೆಗೆ ಹೇಳಿಕೊಟ್ಟ ಈ ಪಾಠವೇ ಅವರ ವೃತ್ತಿಯ ಅತ್ಯಂತ ಕಷ್ಟದ ಪಾಠವಾಗಿರಬೇಕು.

ಪುಣೆಯಲ್ಲಿ ಅವರ ಸಂಸಾರ ನಡೆದದ್ದು ಗಂಜ್ ಪೇಟೆಯ ಮನೆಯಲ್ಲಿ. ಇಂದು ಆ ಪೇಟೆಗೇ ಮಹಾತ್ಮಾ ಫುಲೆ ಪೇಟೆ ಎಂದು ಹೆಸರು, ಮನೆ ಸ್ಮಾರಕ. ದಂಪತಿಗೆ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆಯಾಗು ಎಂದು ಹಿರಿಯರು ಒತ್ತಾಯಿಸಿದಾಗ ಜೋತಿರಾವ್ ಒಪ್ಪಲಿಲ್ಲ. ಮನೆಯೇನೂ ಮಕ್ಕಳಿಲ್ಲದೆ ಉಳಿಯಲಿಲ್ಲ. ಮೋಸಹೋಗಿ ಬಸಿರಾದ ಬ್ರಾಹ್ಮಣ ವಿಧವೆಯರು ಕೂಸನ್ನು ಕೊಲ್ಲುವ ಗತಿ ತಪ್ಪಲೆಂದು 1863ರಲ್ಲಿ ಅಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಹೆರಿಗೆ, ಬಾಣಂತನದ ಹೊರೆ ಸಾವಿತ್ರಿಬಾಯಿಯ ಹೆಗಲಿಗೆ ಬಂತು. ಅಲ್ಲಿ ಹುಟ್ಟಿದ ಒಂದು ಗಂಡುಮಗುವನ್ನು ದಂಪತಿ ದತ್ತು ತೆಗೆದುಕೊಂಡರು. ಅವನೇ ಯಶವಂತ, ಮುಂದೆ ಡಾಕ್ಟರಾದ. ಮಗನಿಗೆ ಹೆಣ್ಣು ಕೊಡುವವರು ಸಿಗುವುದೇ ಕಷ್ಟವಾಗಿದ್ದಾಗ ಜೋತಿರಾವ್ ಕಟ್ಟಿದ ಸತ್ಯಶೋಧಕ ಸಮಾಜದ ಗ್ಯಾನೋಬಾ ಸಾಸಣೆಯವರು ಮಗಳು ರಾಧಾಳನ್ನು ಕೊಟ್ಟರು. 1889ರಲ್ಲಿ, ಪುರೋಹಿತರಿಲ್ಲದೆ, ಸತ್ಯಶೋಧಕ ರೀತಿಯಲ್ಲಿ ಮದುವೆ ನಡೆಯಿತು.

ಇಷ್ಟರ ನಡುವೆ ಸಾವಿತ್ರಿಬಾಯಿ ಕವಿಯೂ ಆಗಿದ್ದರು. 'ಕಾವ್ಯಫುಲೆ' ಅಚ್ಚಾದದ್ದು 1854ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ. ಗಂಡ ತೀರಿಕೊಂಡ ಮೇಲೆ ಬರೆದದ್ದು 'ಬಾವನಕಶಿ ಸುಬೋಧ ರತ್ನಾಕರ'.

ನಾಯಗಾಂವದ ಎರಡನೆಯ ಪತ್ರದ ದಿನಾಂಕ 1868ರ ಆಗಸ್ಟ್ 29. ಮೊದಲ ಪತ್ರಕ್ಕೂ ಇದಕ್ಕೂ ನಡುವೆ ಹನ್ನೆರಡು ವರ್ಷ. ಪಂಚಾಂಗ ಹಿಡಿದು ಊರೂರು ಸುತ್ತಿ ಹೊಟ್ಟೆ ಹೊರೆಯುತ್ತಿದ್ದ ಗಣೇಶ ಎಂಬ ಬ್ರಾಹ್ಮಣ ಹುಡುಗ ಇಲ್ಲಿಗೆ ಬಂದಿದ್ದ. ಅವನಿಗೂ ಶಾರ್ಜಾ ಎಂಬ ಮಹಾರ್ ಹುಡುಗಿಗೂ ಪ್ರೀತಿ ಬೆಳೆದು, ಅವಳು ಆರು ತಿಂಗಳ ಬಸುರಿಯಾಗಿದ್ದಳು. ವಿಷಯ ಬಯಲಾದಾಗ ಊರವರು ಇಬ್ಬರನ್ನೂ ಹಿಡಿದು, ಬೀದಿಯಲ್ಲಿ ಮೆರವಣಿಗೆ ಮಾಡಿ, ಹೊಡೆಯುತ್ತ ಕೊಲ್ಲಲು ಎಳೆದೊಯ್ಯುತ್ತಿದ್ದರು. ಸುದ್ದಿ ಕಿವಿಗೆ ಬಿದ್ದ ಸಾವಿತ್ರಿಬಾಯಿ ಓಡಿಹೋಗಿ ನಡುವೆ ನಿಂತರು. ಇವರನ್ನು ಕೊಂದರೆ ಬ್ರಿಟಿಷ್ ಕಾನೂನಿನಲ್ಲಿ ನಿಮಗೇನು ಗತಿ ಬರುತ್ತದೆ ಗೊತ್ತೇ ಎಂದು ಹೆದರಿಸಿದರು. ಗುಂಪಿನ ಆವೇಶ ಇಳಿಯಿತು. ಇಬ್ಬರೂ ಊರು ಬಿಟ್ಟು ತೊಲಗಲಿ ಎಂದು ಸದೂಭಾವು ಎಂಬಾತ ಪಟ್ಟು ಹಿಡಿದ. ಅದಕ್ಕೆ ಇಬ್ಬರೂ ಒಪ್ಪಿದರು. ಕಾಲಿಗೆ ಬಿದ್ದು ಅಳುತ್ತಿದ್ದ ಜೋಡಿಯನ್ನು ಸಾವಿತ್ರಿಬಾಯಿ ಸಮಾಧಾನಪಡಿಸಿ, ಪುಣೆಗೆ, ಗಂಡನ ಬಳಿಗೆ ಕಳಿಸಿಕೊಟ್ಟರು. ಪತ್ರ ಬರೆದದ್ದೇ ಅದಕ್ಕಾಗಿ: ಇಂಥ ಇಬ್ಬರು ಬರುತ್ತಿದ್ದಾರೆ, ನೋಡಿಕೊಳ್ಳಿ.

ಆ ಗುಂಪಿನಲ್ಲಿದ್ದವರು ಆಕೆ ಚಿಕ್ಕಂದಿನಿಂದ ಬಲ್ಲ ಊರವರು. ಪಾಟೀಲರ ಮನೆಯ ಮಗಳು ಎಂಬ ಗೌರವ ಅಲ್ಲಿ ಸ್ವಲ್ಪ ನೆರವಾಗಿರಬಹುದು. ಆದರೆ ಆಕೆ ಬಳಸಿದ ಅಸ್ತ್ರ ಪುಣ್ಯಪಾಪದ ಉಪದೇಶವಲ್ಲ, ಕಾನೂನಿನ ತಿಳಿವಳಿಕೆ. ಕೋಪದಲ್ಲಿ ಕುರುಡಾದ ಗುಂಪಿಗೆ ಆ ಕ್ಷಣದಲ್ಲಿ ಯಾವ ಮಾತು ನಾಟುತ್ತದೆ ಎಂಬುದನ್ನು ಹಲವು ವರ್ಷ ತರಗತಿ ನಡೆಸಿದ ಶಿಕ್ಷಕಿ ಬಲ್ಲರು. ಜಾತಿ ಮೀರಿ ಪ್ರೀತಿಸಿದ ಮಕ್ಕಳನ್ನು ಹೆತ್ತವರೇ ಕೊಲ್ಲುವ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇಂದಿಗೂ ಬರುತ್ತಿರುವಾಗ, 1868ರ ಈ ಪತ್ರ ಹಳೆಯದೆನಿಸುವುದಿಲ್ಲ.

ಮೂರನೆಯದು 1877ರ ಏಪ್ರಿಲ್ 20ರದು, ಜುನ್ನರ್ ಸೀಮೆಯ ಓತೂರಿನಿಂದ. ಭೀಕರ ಬರಗಾಲ, ಸಾಹುಕಾರರ ಸುಲಿಗೆ, ಗಲಭೆ. ಪರಿಹಾರದ ಕೆಲಸಕ್ಕೆ ಹೋದ ಐವತ್ತು ಸತ್ಯಶೋಧಕರನ್ನು ಪೊಲೀಸರು ಹಿಡಿದಿದ್ದರು. ಸಾವಿತ್ರಿಬಾಯಿ ಕಲೆಕ್ಟರರನ್ನೇ ಕಂಡು ವಾದಿಸಿ ಬಿಡಿಸಿದರು. ಕಲೆಕ್ಟರ್ ನಾಲ್ಕು ಬಂಡಿ ಜೋಳವನ್ನೂ ಕಳಿಸಿಕೊಟ್ಟರು.

1890ರ ನವೆಂಬರ್ 28ರಂದು ಜೋತಿರಾವ್ ತೀರಿಕೊಂಡಾಗ, ದತ್ತುಮಗನಿಗೆ ಕ್ರಿಯೆಯ ಹಕ್ಕಿಲ್ಲವೆಂದು ದಾಯಾದಿಗಳು ತಕರಾರು ತೆಗೆದರು. ಅಂತ್ಯಯಾತ್ರೆಯ ಮುಂದೆ ಮಡಕೆ ಹಿಡಿದು ನಡೆಯುವವನೇ ವಾರಸುದಾರ ಎಂಬುದು ರೂಢಿ. ಸಾವಿತ್ರಿಬಾಯಿ ತಾವೇ ಮಡಕೆ ಕೈಗೆತ್ತಿಕೊಂಡು ಮುಂದೆ ನಡೆದರು. ಮಗನ ಪರವಾಗಿ ತಾಯಿ, ಗಂಡನಿಗಾಗಿ ಹೆಂಡತಿ, ಎರಡೂ ಆ ನಡಿಗೆಯಲ್ಲಿ ಒಂದಾಗಿದ್ದವು. 1893ರಲ್ಲಿ ಸಾಸವಡದ ಸತ್ಯಶೋಧಕ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

1897ರಲ್ಲಿ ಪುಣೆಗೆ ಪ್ಲೇಗು ನುಗ್ಗಿತು. ಸೈನ್ಯದ ವೈದ್ಯನಾಗಿದ್ದ ಯಶವಂತ ರಜೆ ಹಾಕಿ ಬಂದು, ಹಡಪಸರದ ಹತ್ತಿರ ಸಾಸಣೆಯವರ ಹೊಲದಲ್ಲಿ ದವಾಖಾನೆ ತೆರೆದರು. ತಾಯಿ ರೋಗಿಗಳನ್ನು ಕರೆತರುವ ಕೆಲಸಕ್ಕೆ ನಿಂತರು. ಮುಂಢವೆಯ ಮಹಾರ್ ಕೇರಿಯಲ್ಲಿ ಪಾಂಡುರಂಗ ಗಾಯಕವಾಡ ಎಂಬ ಹುಡುಗನಿಗೆ ಪ್ಲೇಗು ತಗುಲಿದೆ ಎಂದು ಕೇಳಿ, ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಸೋಂಕು ತಗುಲಿದ ಸಾವಿತ್ರಿಬಾಯಿ ಮಾರ್ಚ್ 10ರಂದು ಕೊನೆಯುಸಿರೆಳೆದರು. ಯಶವಂತರೂ ದೀರ್ಘಾಯುಷಿಯಾಗಲಿಲ್ಲ, 1905ರಲ್ಲಿ ತೀರಿಕೊಂಡರು.

ಸಾವಿತ್ರಿಬಾಯಿಯ ಪುಣ್ಯತಿಥಿಯಂದೇ, 1998ರ ಮಾರ್ಚ್ 10ರಂದು, ಅಂಚೆ ಇಲಾಖೆ ಅವರ ಚೀಟಿ ಹೊರಡಿಸಿತು. ಮಹಾರಾಷ್ಟ್ರದಲ್ಲಿ ಜನವರಿ 3 ಬಾಲಿಕಾ ದಿನ. ಕನ್ನಡದಲ್ಲೂ ಸರಜೂ ಕಾಟ್ಕರ್ ಅವರ ಕಾದಂಬರಿಯನ್ನು ಆಧರಿಸಿ 2018ರಲ್ಲಿ ಸಿನಿಮಾ ಬಂತು, ಸಾವಿತ್ರಿಬಾಯಿಯಾಗಿ ತಾರಾ ನಟಿಸಿದರು. ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಜನವರಿ 3ರಂದು ಪಟಕ್ಕೆ ಹೂವಿಡುತ್ತಾರೆ, 'ದೇಶದ ಮೊದಲ ಶಿಕ್ಷಕಿ' ಎನ್ನುತ್ತಾರೆ, ಸೆಗಣಿ ಎರಚಿದ ಕಥೆ ಹೇಳುತ್ತಾರೆ. ಶಾರ್ಜಾಳ ಹೆಸರು ಆ ಭಾಷಣಗಳಲ್ಲಿ ಕೇಳಿಸುವುದು ಅಪರೂಪ, ಅಣ್ಣನ ಜೊತೆಗಿನ ವಾದವಂತೂ ಇನ್ನೂ ಅಪರೂಪ. ನಾಯಗಾಂವದ ಎರಡೂ ಪತ್ರಗಳು ಸೇರಿ ಕೆಲವೇ ಪುಟ. ಪ್ರಾರ್ಥನೆ ಮುಗಿದ ಮೇಲೆ, ಏಳನೆಯ ತರಗತಿಯ ಹುಡುಗಿಯೊಬ್ಬಳು ಮುಂದೆ ನಿಂತು 1868ರ ಪತ್ರವನ್ನು ಗಟ್ಟಿಯಾಗಿ ಓದಲು ಹತ್ತು ನಿಮಿಷವೂ ಬೇಕಾಗುವುದಿಲ್ಲ. ಮುಂದಿನ ಜನವರಿಯಲ್ಲಿ ಭಾಷಣದ ಬದಲು ಅದನ್ನೇ ಓದಿಸಬಹುದು.